ನರ್ಸಮ್ಮನ ಚೀಲ ಭಾರವಾದ ಬಗೆ

ಹಳ್ಳಿಯವರ ಬಾಯಲ್ಲಿ ಆಕೆ ‘ನರ್ಸಮ್ಮ’. ಸರ್ಕಾರಿ ಕಡತಗಳಲ್ಲಿ ಮಾತ್ರ ಹೆಸರು ಬದಲಾಗುತ್ತಲೇ ಬಂದಿದೆ: ಎಎನ್‌ಎಂ, ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತೆ, ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಪ್ರತಿ ಬದಲಾವಣೆಗೂ ಆಕೆಯ ಚೀಲಕ್ಕೆ ಹೊಸ ಕೆಲಸ ಬಿದ್ದಿದೆ. ಹಳೆಯದನ್ನು ಹೊರತೆಗೆದದ್ದು ಅಪರೂಪ.

ದುಡಿದು ದುಡಿದು ಮನಸ್ಸು ಬತ್ತಿಹೋಗುವ ಸ್ಥಿತಿಗೆ ಇಂಗ್ಲಿಷಿನಲ್ಲಿ ‘ಬರ್ನ್‌ಔಟ್’ ಎನ್ನುತ್ತಾರೆ. 1974ರಲ್ಲಿ ಈ ಪದವನ್ನು ಮನಃಶಾಸ್ತ್ರದ ಚರ್ಚೆಗೆ ತಂದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರ ಸ್ವಯಂಸೇವಕರಲ್ಲಿ ಅವರು ಇದನ್ನು ಕಂಡಿದ್ದರು, ತಮ್ಮಲ್ಲಿಯೂ ಕಂಡಿದ್ದರು. ಉತ್ಸಾಹದಿಂದ ಬಂದವರೇ ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ ಎಂಬುದು ಅವರ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯಾದರೋ 2019ರಲ್ಲಿ ಇದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿತು. ಹಾಗಿದ್ದರೆ ಬಳಲಿಕೆಯ ಮೂಲವನ್ನು ಕೆಲಸದ ಚರಿತ್ರೆಯಲ್ಲಿಯೇ ಹುಡುಕಬೇಕು.

ಸರ್ ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ, ಮೊದಲ ಹಂತವಾಗಿ 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದಿತ್ತು. 1952ರಿಂದ ಸಮುದಾಯ ಅಭಿವೃದ್ಧಿ ಯೋಜನೆಯಡಿ ಇಂಥ ಕೇಂದ್ರಗಳು ತೆರೆದವು. ಎರಡು ವರ್ಷ ತರಬೇತಿ ಪಡೆದ ಎಎನ್‌ಎಂಗಳು ಊರೂರಿಗೆ ಬಂದರು. ಬಸುರಿ, ಬಾಣಂತಿ, ಕೂಸು ಇವಿಷ್ಟೇ ಆಗಿನ ಅವರ ಮುಖ್ಯ ಕೆಲಸ.

1960ರ ದಶಕದ ನಡುವೆ ಕುಟುಂಬ ಯೋಜನೆಗೆ ಗುರಿಗಳು ಬಂದವು. ಇಷ್ಟು ವಂಕಿ, ಇಷ್ಟು ಶಸ್ತ್ರಚಿಕಿತ್ಸೆ ಎಂಬ ಲೆಕ್ಕ ದೆಹಲಿಯಿಂದ ಇಳಿಯುತ್ತಾ ಕೊನೆಗೆ ನರ್ಸಮ್ಮನ ಮನೆಯಂಗಳಕ್ಕೆ ಬಂದು ನಿಂತಿತು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ಬೇರೆ ಬೇರೆ ರೋಗಗಳಿಗೆ ಬೇರೆ ಬೇರೆ ನೌಕರರಿರುವ ಬದಲು ‘ವಿವಿಧೋದ್ದೇಶ’ ಕಾರ್ಯಕರ್ತರಿರಲಿ ಎಂದಿತು. ಅದರ ಬೆನ್ನಿಗೇ ಬಂತು ತುರ್ತುಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗುರಿ ಮುಟ್ಟದ ಸರ್ಕಾರಿ ನೌಕರರ ಸಂಬಳ ತಡೆಹಿಡಿದ ಪ್ರಸಂಗಗಳು ಶಾ ಆಯೋಗದ ವರದಿಯಲ್ಲಿವೆ. ಹೆರಿಗೆಗೆ ನೆರವಾಗಲು ಬಂದವಳನ್ನು ಜನ ‘ಆಪರೇಷನ್ ಕೇಸು’ ಹುಡುಕುವವಳೆಂದು ಅನುಮಾನದಿಂದ ನೋಡುವಂತಾಯಿತು. ಮೇಲಿನವರ ಒತ್ತಡ, ಕೆಳಗಿನವರ ಅಪನಂಬಿಕೆ. ಎಷ್ಟು ನಡೆದರೂ ಆಗದ ದಣಿವು ಇದರಿಂದ ಆಗುತ್ತದೆ. ವಿಚಿತ್ರವೆಂದರೆ, ಕೆಲಸ ಹೆಚ್ಚಿದ ಈ ಕಾಲದಲ್ಲೇ ತರಬೇತಿಯನ್ನು 18 ತಿಂಗಳಿಗೆ ಇಳಿಸಲಾಯಿತು!

1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂತು. ಮಂಜುಗಡ್ಡೆಯ ಪೊಟ್ಟಣವಿಟ್ಟ ಲಸಿಕೆ ಡಬ್ಬಿ ಹೆಗಲೇರಿತು. 1995ರಲ್ಲಿ ಪಲ್ಸ್ ಪೋಲಿಯೊ ಸೇರಿತು. 1996ರಲ್ಲಿ ಕೇಂದ್ರವು ಕುಟುಂಬ ಯೋಜನೆಯ ಗುರಿಗಳನ್ನು ಕೈಬಿಟ್ಟರೂ ರಿಜಿಸ್ಟರುಗಳು ಉಳಿದವು. ಬಸುರಿಗೊಂದು, ಹೆರಿಗೆಗೊಂದು, ಲಸಿಕೆಗೊಂದು. ಬಯಲುಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನರಿಗೊಂದು ಉಪಕೇಂದ್ರ ಎಂಬ ನಿಯಮವೇನೋ ಇದೆ. ತೋಟಕ್ಕೊಂದು ಮನೆಯಿರುವ ಮಲೆನಾಡಿನಲ್ಲಿ, ಅದೂ ಮಳೆಗಾಲದಲ್ಲಿ, 3,000 ಜನ ಎಂದರೆ ಎಷ್ಟು ದೂರ ಎಂಬುದನ್ನು ನಿಯಮ ಹೇಳುವುದಿಲ್ಲ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ನರ್ಸಮ್ಮನ ಜತೆಗೆ ಆಶಾ ಕಾರ್ಯಕರ್ತೆಯನ್ನು ಕೊಟ್ಟಿತು, ಸುಮಾರು 1,000 ಜನರಿಗೆ ಒಬ್ಬರಂತೆ. ಆಕೆ ನೌಕರಳಲ್ಲ, ‘ಸ್ವಯಂಸೇವಕಿ’. ಸಂಬಳವಿಲ್ಲ, ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಫ್ರಾಯ್ಡೆನ್‌ಬರ್ಗರ್ ಕಂಡವರೂ ಸ್ವಯಂಸೇವಕರೇ ಎಂಬುದು ಇಲ್ಲಿ ನೆನಪಾಗುತ್ತದೆ. 2020ರಲ್ಲಿ ಕೊರೊನಾ ಬಂದಾಗ ಮನೆಮನೆ ಸಮೀಕ್ಷೆಗೆ ಹೋದವರಲ್ಲಿ ಈ ಇಬ್ಬರೂ ಇದ್ದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪುರಸ್ಕಾರ ನೀಡಿತು. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕ ಮೇಲೆ ಊರಿನ ಬಸ್ಸು ಹತ್ತಿದರು.