ಗ್ಯಾಲಿಯಂ ವಿಕಿರಣ ಔಷಧಗಳಲ್ಲಿ ಉಳಿಕೆ ಬಫರ್‌ನ ಪರೀಕ್ಷೆ: ಒಂದು ಚಾರಿತ್ರಿಕ ಅವಲೋಕನ

ವಿಕಿರಣ ಔಷಧಗಳ ಚರಿತ್ರೆಯನ್ನು ಸಾಮಾನ್ಯವಾಗಿ ವಿಕಿರಣದ ಚರಿತ್ರೆಯಾಗಿಯೇ ಬರೆಯಲಾಗಿದೆ. ಆದರೆ ರೋಗಿಯ ರಕ್ತನಾಳವನ್ನು ಸೇರುವ ಸೂಜಿಮದ್ದಿನಲ್ಲಿ ವಿಕಿರಣಶೀಲ ಧಾತುವಿನ ತೂಕ ಅತ್ಯಲ್ಪ. ತಯಾರಿಕೆಯಲ್ಲಿ ನೆರವಾದ ರಾಸಾಯನಿಕಗಳ ಉಳಿಕೆಯೇ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಗ್ಯಾಲಿಯಂ-68ರ ಔಷಧಗಳಲ್ಲಿ ಹೆಪಿಸ್ ಎಂಬ ಬಫರ್‌ನ ಉಳಿಕೆಯನ್ನು ಅಳೆಯುವ ಪರೀಕ್ಷೆ ಈ ದೃಷ್ಟಿಯಿಂದ ಗಮನಾರ್ಹವಾದುದು.

1960ರಲ್ಲಿ ಗ್ಲೀಸನ್ ಎಂಬ ವಿಜ್ಞಾನಿ ಜರ್ಮೇನಿಯಂ-68ರಿಂದ ಗ್ಯಾಲಿಯಂ-68ನ್ನು ಬೇರ್ಪಡಿಸುವ ಜನರೇಟರನ್ನು ವರ್ಣಿಸಿ, ಅದನ್ನು 'ಪಾಸಿಟ್ರಾನ್ ಹಸು' ಎಂದು ಕರೆದನು. ಹೋಲಿಕೆ ಯಥೋಚಿತವಾಗಿದೆ. ತಾಯಿ ಧಾತುವಿನ ಅರ್ಧಾಯುಷ್ಯ ಸುಮಾರು 271 ದಿನಗಳು, ಮಗಳ ಅರ್ಧಾಯುಷ್ಯ ಕೇವಲ 68 ನಿಮಿಷಗಳು. ಹೀಗಾಗಿ ಕರಾವಿನ ಹಸುವಿನಂತೆ ದಿನಕ್ಕೆ ಹಲವು ಬಾರಿ ಅದರಿಂದ ಗ್ಯಾಲಿಯಂ ಪಡೆಯಬಹುದು. ಆದರೆ ಆರಂಭದ ಜನರೇಟರುಗಳು ಗ್ಯಾಲಿಯಮನ್ನು ಇ.ಡಿ.ಟಿ.ಎ. ಸಂಯುಕ್ತದ ರೂಪದಲ್ಲಿ ಕೊಡುತ್ತಿದ್ದವು. ಆ ಬಿಗಿ ಹಿಡಿತದಿಂದ ಬಿಡಿಸಿ ಬೇರೆ ಅಣುವಿಗೆ ಜೋಡಿಸುವುದು ಕಷ್ಟಸಾಧ್ಯವಾಗಿತ್ತು. ರಷ್ಯಾದ ಓಬ್ನಿನ್ಸ್ಕ್‌ನಲ್ಲಿ ತಯಾರಾದ ಟೈಟಾನಿಯಂ ಡೈಆಕ್ಸೈಡ್ ಜನರೇಟರು 1990ರ ದಶಕದ ಕೊನೆಗೆ ಬಳಕೆಗೆ ಬಂದ ಮೇಲೆ ಗ್ಯಾಲಿಯಂ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಡಿ ಅಯಾನಾಗಿ ದೊರೆಯತೊಡಗಿತು.

ಬಫರ್‌ನ ಅವಶ್ಯಕತೆ ಹುಟ್ಟಿದ್ದು ಇಲ್ಲಿಯೇ. ಆಮ್ಲೀಯತೆ ಅತಿಯಾದರೆ ಡೋಟಾದಂತಹ ಹಿಡಿಕೆಯ ಅಣು ಲೋಹವನ್ನು ಸ್ವೀಕರಿಸದು. ಕಡಿಮೆಯಾದರೆ ಗ್ಯಾಲಿಯಂ ಹೈಡ್ರಾಕ್ಸೈಡಾಗಿ ಕದಡಿಹೋಗುತ್ತದೆ. ಪಿಎಚ್ 3.5ರಿಂದ 4ರ ಆಸುಪಾಸಿನ ಕಿರಿದಾದ ದಾರಿಯಲ್ಲಿಯೇ ಜೋಡಣೆ ನಡೆಯಬೇಕು. ನಾರ್ಮನ್ ಗುಡ್ ಮತ್ತು ಸಂಗಡಿಗರು 1966ರಲ್ಲಿ ಜೀವವಿಜ್ಞಾನದ ಪ್ರಯೋಗಗಳಿಗಾಗಿ ಪ್ರಕಟಿಸಿದ ಬಫರ್‌ಗಳ ಪೈಕಿ ಒಂದಾದ ಹೆಪಿಸ್ ಇಲ್ಲಿ ಒದಗಿಬಂದಿತು. ಲೋಹದ ಅಯಾನುಗಳನ್ನು ಅದು ಹೆಚ್ಚಾಗಿ ಹಿಡಿದಿಟ್ಟುಕೊಳ್ಳದು. ಸ್ವೀಡನ್ನಿನ ಉಪ್ಸಾಲದಲ್ಲಿ ಐರಿನಾ ವೆಲಿಕ್ಯಾನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಸಂಶೋಧನೆಯ ಅನಂತರ ಅದರ ಬಳಕೆ ವ್ಯಾಪಕವಾಯಿತು. ಜೀವಕೋಶಗಳ ಕೃಷಿಗೆಂದು ರೂಪುಗೊಂಡ ಈ ವಸ್ತುವಿಗೆ ಮನುಷ್ಯರ ರಕ್ತನಾಳಕ್ಕೆ ಸೇರಲು ಔಷಧ ನಿಯಂತ್ರಕರ ಒಪ್ಪಿಗೆ ಇರಲಿಲ್ಲವೆಂಬುದು ತೊಡಕಿನ ಮೂಲ.

ಇಂತಹ ತೊಡಕು ಹೊಸದೇನಲ್ಲ. 1986ರಲ್ಲಿ ಜರ್ಮನಿಯ ಯೂಲಿಕ್‌ನಲ್ಲಿ ಹಾಮಾಖರ್ ಮತ್ತು ಸಂಗಡಿಗರು ಫ್ಲೋರಿನ್-18ರ ಗ್ಲೂಕೋಸ್ ತಯಾರಿಕೆಗೆ ಕ್ರಿಪ್ಟೋಫಿಕ್ಸ್ ಬಳಸಿದಾಗಲೂ ಅದರ ಉಳಿಕೆಯನ್ನು ಪತ್ತೆಹಚ್ಚಬೇಕಾಯಿತು. ಅಯೋಡೋಪ್ಲಾಟಿನೇಟ್ ಸವರಿದ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬಣ್ಣ ನೋಡುವ ಸರಳ ವಿಧಾನದಿಂದ ಆ ಸಮಸ್ಯೆ ಬಹುಮಟ್ಟಿಗೆ ಪರಿಹಾರವಾಯಿತು.

ಗ್ಯಾಲಿಯಂನ ವಿಷಯ ಅಷ್ಟು ಸುಲಭದ್ದಾಗಿರಲಿಲ್ಲ. ಗ್ಯಾಲಿಯಂ ಎಡೋಟ್ರಿಯೋಟೈಡ್ ಕುರಿತ ಯುರೋಪಿಯನ್ ಫಾರ್ಮಕೋಪಿಯದ ವಿವರಣೆಯು ಗರಿಷ್ಠ ಚುಚ್ಚುಮದ್ದಿನ ಪ್ರಮಾಣವೊಂದರಲ್ಲಿ ಹೆಪಿಸ್ 200 ಮೈಕ್ರೊಗ್ರಾಂ ಮೀರಬಾರದೆಂದು ವಿಧಿಸಿತು. ಒಂದು ಮೋಲಾರ್ ಹೆಪಿಸ್ ದ್ರಾವಣದ ಒಂದು ಮಿಲಿಲೀಟರಿನಲ್ಲಿಯೇ ಸುಮಾರು 238 ಮಿಲಿಗ್ರಾಂ ಹೆಪಿಸ್ ಇರುವುದರಿಂದ, ಅಷ್ಟನ್ನು ಬಳಸಿದಾಗ ಸಾವಿರ ಪಾಲಿಗಿಂತ ಹೆಚ್ಚು ತಗ್ಗಿಸಬೇಕೆಂದಾಯಿತು. ಪೆಪ್ಟೈಡನ್ನು ಹಿಡಿದಿಡುವ ಸಣ್ಣ ಕಾರ್ಟ್ರಿಡ್ಜ್‌ನ ಮೂಲಕ ಹಾಯಿಸಿ, ನೀರಿನಿಂದ ಹೆಪಿಸನ್ನು ತೊಳೆದು, ಆಮೇಲೆ ಎಥನಾಲ್‌ನಿಂದ ಔಷಧವನ್ನು ಬಿಡಿಸಿಕೊಳ್ಳುವ ಕ್ರಮ ಇದಕ್ಕಾಗಿಯೇ ನೆಲೆಗೊಂಡಿತು.

ಪರೀಕ್ಷೆಗೆ ನಿಗದಿಯಾದುದು ತೆಳುಪದರ ಕ್ರೊಮೆಟೊಗ್ರಫಿ. ಸಿಲಿಕಾ ತಟ್ಟೆಯ ಮೇಲೆ ಔಷಧದ ಚುಕ್ಕೆಯನ್ನೂ 200 ಮೈಕ್ರೊಗ್ರಾಂ ಲೆಕ್ಕದಲ್ಲಿ ಸಿದ್ಧಪಡಿಸಿದ ಮಾದರಿಯ ಚುಕ್ಕೆಯನ್ನೂ ಇಟ್ಟು, 25:75 ಪ್ರಮಾಣದ ನೀರು ಮತ್ತು ಅಸಿಟೋನೈಟ್ರೈಲ್ ಮಿಶ್ರಣದಲ್ಲಿ ಏರಿಸಿ, ಅಯೋಡಿನ್ ಆವಿಗೆ ಒಡ್ಡುವುದು. ಔಷಧದ ಚುಕ್ಕೆ ಮಾದರಿಗಿಂತ ಗಾಢವಾಗಿರಬಾರದು. ತೀರ್ಪು ಕಣ್ಣಳತೆಗೆ ಬಿಟ್ಟದ್ದು. ಇಬ್ಬರು ರಸಾಯನಜ್ಞರು ಒಂದೇ ತಟ್ಟೆಯನ್ನು ಎರಡು ಬಗೆಯಾಗಿ ಓದುವ ಸಂಭವವಿದೆ. ಪರೀಕ್ಷೆ ಅರ್ಧ ಗಂಟೆ ಹಿಡಿದರೆ ಅಷ್ಟರಲ್ಲಿ ವಿಕಿರಣಶೀಲತೆಯ ಕಾಲುಭಾಗಕ್ಕೂ ಹೆಚ್ಚು ಕರಗಿಹೋಗಿರುತ್ತದೆ; ಗಡ್ಡೆಯ ನೆಲೆಯನ್ನು ತಿಳಿಯಲು ಉಪವಾಸದಿಂದಲೋ ಆತಂಕದಿಂದಲೋ ಕಾಯುತ್ತಿರುವ ರೋಗಿಯ ಪಾಲಿಗೆ ಈ ನಷ್ಟ ಬರಿಯ ಅಂಕಿಯಲ್ಲ. ಈ ಕಾರಣದಿಂದಲೇ ಎಚ್‌ಪಿಎಲ್‌ಸಿ ಯಂತ್ರದಿಂದ ಹೆಪಿಸನ್ನು ನಿಖರವಾಗಿ ಅಳೆಯುವ ವಿಧಾನಗಳು 2010ರಿಂದೀಚೆಗೆ ಪ್ರಕಟವಾಗುತ್ತ ಬಂದಿವೆ.

ಮಿತಿಯ ಆಧಾರವನ್ನೂ ಪ್ರಶ್ನಿಸಲಾಯಿತು. ಅದು ಹೆಪಿಸ್‌ನಿಂದ ರೋಗಿಗಳಿಗೆ ಆದ ಹಾನಿಯನ್ನು ಕಂಡು ಹಾಕಿದ ಗೆರೆಯಲ್ಲ, ಮಾಹಿತಿಯ ಕೊರತೆಯಿಂದ ಹುಟ್ಟಿದ ಎಚ್ಚರಿಕೆ. ಎಚ್ಚರಿಕೆ ತಪ್ಪಲ್ಲ, ಆದರೆ ಬಳಸಬಹುದಾಗಿದ್ದ ಔಷಧವನ್ನು ತಿರಸ್ಕರಿಸುವುದಕ್ಕೂ ಒಂದು ಬೆಲೆಯುಂಟು. ದಕ್ಷಿಣ ಆಫ್ರಿಕದ ಸಂಶೋಧಕರು 2021ರಲ್ಲಿ ಈ ಕಟ್ಟುನಿಟ್ಟನ್ನು ಮರುಪರಿಶೀಲಿಸಬೇಕೆಂದು ವಾದಿಸಿದರು. ಪ್ರಾಸ್ಟೇಟ್ ಕ್ಯಾನ್ಸರ್‌ನ ಚಿತ್ರಣಕ್ಕೆ ಬಳಸುವ ಪಿಎಸ್‌ಎಂಎ-11ರ ಫಾರ್ಮಕೋಪಿಯ ವಿವರಣೆಯಲ್ಲಿ ಮಿತಿ 500 ಮೈಕ್ರೊಗ್ರಾಂಗೆ ಏರಿತು.

ಇನ್ನೊಂದು ಮಾರ್ಗ ಬಫರನ್ನೇ ಬದಲಿಸುವುದು. 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ಪಡೆದ ಗ್ಯಾಲಿಯಂ ಡೋಟಾಟೇಟ್ ಕಿಟ್‌ನಲ್ಲಿ ಫಾರ್ಮಿಕ್ ಆಮ್ಲದ ಬಫರ್ ಇದ್ದುದರಿಂದ ಹೆಪಿಸ್‌ನ ಪರೀಕ್ಷೆಯ ಪ್ರಶ್ನೆಯೇ ಏಳಲಿಲ್ಲ. ಹೆಪಿಸ್ ಬಳಸಿಯೇ ಔಷಧ ತಯಾರಿಸುವ ಪ್ರಯೋಗಾಲಯಗಳಲ್ಲಿ ಮಾತ್ರ ಉಳಿಕೆಯನ್ನು ಅಳೆಯುವ ಹೊಣೆ ಉಳಿದುಕೊಂಡಿದೆ.