ಜಾಲಕ್ಕೂ ಒಂದು ಮನೆಯುಂಟು

ಗಣಕಜಾಲದ ಭದ್ರತೆ ಎಂದೊಡನೆ ನಮ್ಮ ಗಮನ ಗುಪ್ತಪದ, ವೈರಸ್, ಫೈರ್‌ವಾಲ್‌ಗಳ ಕಡೆಗೆ ಹರಿಯುತ್ತದೆ. ಆದರೆ ಜಾಲ ಎಷ್ಟೇ ವಿಸ್ತಾರವಾಗಿದ್ದರೂ ಅದರ ತಂತಿಗಳು ಎಲ್ಲೋ ಒಂದು ಕೊಠಡಿಗೆ ಬಂದು ಸೇರಲೇಬೇಕು. ಆ ಕೊಠಡಿಗೆ ಕೊಡಲಿಯೇಟು ಬಿದ್ದರೆ ಅಥವಾ ಬೆಂಕಿ ತಗುಲಿದರೆ ಯಾವ ಗುಪ್ತಪದವೂ ರಕ್ಷಣೆಗೆ ಬಾರದು. ಈ ಸಮಸ್ಯೆ ಗಣಕಕ್ಕಿಂತ ಹಳೆಯದು.

ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಸಮೂಹದಲ್ಲಿ ಡೈರೆಕ್ಷನ್ ಎಂಬ ಪುಟ್ಟ ದ್ವೀಪವಿದೆ. ಮೊದಲ ಮಹಾಯುದ್ಧದ ಕಾಲಕ್ಕೆ ಅಲ್ಲಿ ಬ್ರಿಟಿಷ್ ಕಂಪನಿಯೊಂದರ ತಂತಿ ಕೇಂದ್ರವಿತ್ತು. ಆಸ್ಟ್ರೇಲಿಯದ ಪರ್ತ್, ಜಾವಾದ ಬಟೇವಿಯ ಹಾಗೂ ಆಫ್ರಿಕದ ದಿಕ್ಕಿನ ರೋಡ್ರಿಗಸ್ ದ್ವೀಪದಿಂದ ಬರುವ ಕಡಲಾಳದ ಕೇಬಲ್‌ಗಳು ಅಲ್ಲಿ ಸಂಧಿಸುತ್ತಿದ್ದವು. 1914ರ ಸೆಪ್ಟೆಂಬರ್ 22ರಂದು ಮದರಾಸಿನ ತೈಲ ಸಂಗ್ರಹಾಗಾರಗಳ ಮೇಲೆ ಗುಂಡಿನ ಮಳೆಗರೆದಿದ್ದ ಜರ್ಮನ್ ಯುದ್ಧನೌಕೆ ಎಮ್ಡೆನ್, ನವೆಂಬರ್ 9ರ ಬೆಳಗ್ಗೆ ಈ ದ್ವೀಪಕ್ಕೆ ಬಂದಿತು. ದಡಕ್ಕಿಳಿದ ಸುಮಾರು 50 ಮಂದಿ ನಿಸ್ತಂತು ಕಂಬವನ್ನು ಉರುಳಿಸಿದರು, ಉಪಕರಣಗಳನ್ನು ಪುಡಿಗಟ್ಟಿದರು, ಕೇಬಲ್‌ಗಳನ್ನು ಕತ್ತರಿಸತೊಡಗಿದರು.

ಕೇಂದ್ರದ ಸಿಬ್ಬಂದಿ ಅವರನ್ನು ತಡೆಯಲು ಹೋಗಲಿಲ್ಲ. ಆದರೆ ಅಪರಿಚಿತ ಹಡಗು ಬಂದಿದೆ ಎಂಬ ಸುದ್ದಿಯನ್ನು ಅವರು ಆಗಲೇ ಕಳುಹಿಸಿಬಿಟ್ಟಿದ್ದರು. ಬದಲಿ ಉಪಕರಣಗಳನ್ನು ಮುಂಚಿತವಾಗಿಯೇ ನೆಲದಲ್ಲಿ ಹೂತಿಟ್ಟಿದ್ದರು. ಜರ್ಮನರು ಕತ್ತರಿಸಿದ ಕೇಬಲ್‌ಗಳಲ್ಲೊಂದು ಬರಿಯ ಹುಸಿ ಕೇಬಲ್! ಸುದ್ದಿ ತಿಳಿದು ಧಾವಿಸಿ ಬಂದ ಆಸ್ಟ್ರೇಲಿಯದ ಸಿಡ್ನಿ ನೌಕೆ ಅದೇ ದಿನ ಎಮ್ಡೆನ್ ಅನ್ನು ನಿಷ್ಕ್ರಿಯಗೊಳಿಸಿತು. ಬದಲಿ ಉಪಕರಣಗಳ ನೆರವಿನಿಂದ ತಂತಿ ಸಂಪರ್ಕವೂ ಬೇಗನೆ ಮರಳಿತು.

ಅಪಾಯ ಯಾವಾಗಲೂ ಹೊರಗಿನಿಂದಲೇ ಬರಬೇಕೆಂದಿಲ್ಲ. 1975ರ ಫೆಬ್ರವರಿ 27ರಂದು ನ್ಯೂಯಾರ್ಕ್ ನಗರದ ದೂರವಾಣಿ ವಿನಿಮಯ ಕೇಂದ್ರವೊಂದರ ನೆಲಮಾಳಿಗೆಯಲ್ಲಿ, ಕೇಬಲ್‌ಗಳು ಕಟ್ಟಡದೊಳಕ್ಕೆ ಬರುವ ಜಾಗದಲ್ಲಿಯೇ ಬೆಂಕಿ ಹೊತ್ತಿಕೊಂಡಿತು. ಸುಮಾರು 1,70,000 ದೂರವಾಣಿಗಳು ಮೂಕವಾದವು. ಆಸ್ಪತ್ರೆ, ಅಗ್ನಿಶಾಮಕ ಠಾಣೆಗಳೂ ಇದಕ್ಕೆ ಹೊರತಾಗಿರಲಿಲ್ಲ. ತಂತಿಗಳ ಪಿವಿಸಿ ಹೊದಿಕೆ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಅದು ತೇವದೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಹೀಗಾಗಿ ಜ್ವಾಲೆ ತಲುಪದ ಮೇಲಿನ ಅಂತಸ್ತುಗಳ ಸ್ವಿಚ್ಚುಗಳಿಗೂ ಹೊಗೆ ಹಾನಿಮಾಡಿತು. ಸಾವಿರಾರು ಕೆಲಸಗಾರರು ಹಗಲಿರುಳು ದುಡಿದು, ಮಸಿ ಹಿಡಿದ ಭಾಗಗಳನ್ನು ಕೈಯಿಂದಲೇ ಉಜ್ಜಿ, ಹೊಸ ಉಪಕರಣಗಳನ್ನು ಕೂರಿಸಿ ಸೇವೆಯನ್ನು ಮರಳಿಸಲು ಮೂರು ವಾರಗಳಿಗೂ ಹೆಚ್ಚು ಕಾಲ ಬೇಕಾಯಿತು.

ತಂತಿ ಅಥವಾ ಸ್ವಿಚ್ಚು ನಾಶವಾದರೆ ಹೊಸದನ್ನು ತರಬಹುದು. ದತ್ತಾಂಶವೇ ಸುಟ್ಟುಹೋದರೆ? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಐದು ಅಂತಸ್ತಿನ ದತ್ತಾಂಶ ಕೇಂದ್ರ ಬೆಂಕಿಗೆ ಆಹುತಿಯಾಯಿತು. ಪ್ರಾಣಹಾನಿ ಆಗಲಿಲ್ಲ, ಆದರೆ ಲಕ್ಷಾಂತರ ಜಾಲತಾಣಗಳು ಸ್ಥಗಿತಗೊಂಡವು. ಹಣ ತೆತ್ತು ಬ್ಯಾಕಪ್ ಸೇವೆ ಪಡೆದಿದ್ದ ಗ್ರಾಹಕ ಸಂಸ್ಥೆಯೊಂದರ ಮೂಲ ದತ್ತಾಂಶ, ಅದರ ಪ್ರತಿ ಎರಡೂ ಒಂದೇ ಕಟ್ಟಡದಲ್ಲಿದ್ದು ಒಟ್ಟಿಗೇ ಭಸ್ಮವಾದವು. ಆ ಗ್ರಾಹಕರಿಗೆ ಪರಿಹಾರ ನೀಡುವಂತೆ 2023ರಲ್ಲಿ ಲೀಲ್ ನಗರದ ವಾಣಿಜ್ಯ ನ್ಯಾಯಾಲಯ ಆದೇಶಿಸಿತು. ಪರಿಹಾರದ ಹಣದಿಂದ ಕಳೆದ ದತ್ತಾಂಶ ಮರಳುವುದಿಲ್ಲವಷ್ಟೆ.

ಸರ್ವರ್ ಕೊಠಡಿಗೆ ಬೀಗ, ಕ್ಯಾಮೆರಾ, ಕಾವಲುಗಾರ, ಹೊಗೆ ಪತ್ತೆಯ ಸಾಧನ ಎಲ್ಲವೂ ಬೇಕು. ಆದರೆ ಇವುಗಳಲ್ಲಿ ಯಾವುದೂ ಎಂದಾದರೊಮ್ಮೆ ಸೋಲಬಹುದು. ಆದ್ದರಿಂದ ನಮ್ಮ ಬ್ಯಾಂಕು, ಆಸ್ಪತ್ರೆ, ಕಾಲೇಜುಗಳು ಇನ್ನೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಕೊಠಡಿಯೇ ಇಲ್ಲವಾದರೆ ನಾಳೆ ಕೆಲಸ ನಡೆಯುವುದು ಹೇಗೆ? ಬದಲಿ ಉಪಕರಣ ಎಲ್ಲಿದೆ, ದತ್ತಾಂಶದ ಪ್ರತಿ ಯಾವ ಊರಿನಲ್ಲಿದೆ, ಅದರಿಂದ ಕೆಲಸ ಪುನರಾರಂಭಿಸಿ ನೋಡಿದ್ದುಂಟೆ? ಕೋಕೋಸ್ ದ್ವೀಪದ ತಂತಿ ನೌಕರರು 1914ರಲ್ಲಿಯೇ ಇದನ್ನು ಯೋಚಿಸಿ, ಉತ್ತರವನ್ನು ಮಣ್ಣಿನಲ್ಲಿ ಹೂತಿಟ್ಟಿದ್ದರು.