ಅಂಕೆಯಿಲ್ಲದ ಅಖಾಡದಲ್ಲಿ ಸಕುರಾಬಾ

ನಮ್ಮ ಗರಡಿಗಳಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಕುಸ್ತಿ ಮುಗಿಯಿತು. ಬ್ರೆಜಿಲ್‌ನ ಗ್ರೇಸಿ ಮನೆತನದವರ ಜಿಯು-ಜಿತ್ಸುವಿನಲ್ಲಿ ನಿಜವಾದ ಆಟ ಶುರುವಾಗುವುದೇ ಅಲ್ಲಿಂದ. ಅಂಗಾತ ಮಲಗಿ, ಮೇಲೆ ಬಂದವನ ಸೊಂಟವನ್ನು ಎರಡೂ ಕಾಲುಗಳಿಂದ ಬಳಸಿ ಹಿಡಿದು, ಅವನು ಅವಸರಪಟ್ಟು ಕೈ ಚಾಚುವ ಕ್ಷಣಕ್ಕೆ ಕಾಯುತ್ತಾರೆ. ಚಾಚಿದ ಕೈಯನ್ನು ಮುರಿಯುವಷ್ಟು ಎಳೆಯಬಹುದು, ಇಲ್ಲವೇ ಕುತ್ತಿಗೆಯನ್ನು ತೊಡೆಗಳ ನಡುವೆ ಸಿಕ್ಕಿಸಬಹುದು. ಎದುರಾಳಿ ನೆಲವನ್ನೋ ಮೈಯನ್ನೋ ತಟ್ಟಿ ಸೋಲೊಪ್ಪಬೇಕು. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಬಿಳಿ ಅಂಗಿ ತೊಟ್ಟ ತೆಳ್ಳನೆಯ ಹೊಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ್ದು ಈ ವಿದ್ಯೆಯಿಂದ. ಮೂವರಲ್ಲಿ ಒಬ್ಬರು ಬಾಕ್ಸರ್, ಇನ್ನೊಬ್ಬರು ಕುಸ್ತಿಯ ಹಿನ್ನೆಲೆಯವರು, ಮತ್ತೊಬ್ಬರು ಒದೆತದಲ್ಲಿ ಪಳಗಿದವರು.

ಬ್ರೆಜಿಲ್‌ನವರ ನಾಲಿಗೆಯಲ್ಲಿ ಹೆಸರಿನ ಮೊದಲಿನ ‘ರ’ಕಾರ ‘ಹ’ಕಾರವಾಗುತ್ತದೆ. ಹಾಗಾಗಿ ಪತ್ರಿಕೆಗಳಲ್ಲಿ ರಾಯ್ಸ್, ರಿಕ್ಸನ್ ಎಂದು ಬರುವವರನ್ನು ಇಲ್ಲಿ ಹೊಯ್ಸ್, ಹಿಕ್ಸನ್ ಎಂದೇ ಕರೆಯುತ್ತೇನೆ.

ಡೆನ್ವರ್‌ನ ಆ ಪಂದ್ಯಾವಳಿಗೆ ತೂಕದ ವರ್ಗಗಳಿರಲಿಲ್ಲ, ಅಂಕ ಕೊಡುವವರಿರಲಿಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು ಎಂಬಂಥ ಒಂದೆರಡು ಕಟ್ಟಳೆ ಬಿಟ್ಟರೆ ಉಳಿದದ್ದೆಲ್ಲ ಸರಿ. ಯಾವ ವಿದ್ಯೆ ಮೇಲು ಎಂಬ ಹಳೆಯ ಪ್ರಶ್ನೆಗೆ ಉತ್ತರ ಕಾಣುವುದೇ ಅದರ ಉದ್ದೇಶ. ಪಂದ್ಯಾವಳಿ ಹುಟ್ಟುಹಾಕಿದವರಲ್ಲಿ ಹೊಯ್ಸ್ ಅವರ ಅಣ್ಣ ಹೋರಿಯನ್ ಗ್ರೇಸಿಯೂ ಒಬ್ಬರು. ತಮ್ಮ ಮನೆಯ ವಿದ್ಯೆಯನ್ನು ಜಗತ್ತಿಗೆ ತೋರಿಸಬೇಕೆಂಬ ಹಟ ಅವರದು. ಮೊದಲ ನಾಲ್ಕು ಪಂದ್ಯಾವಳಿಗಳಲ್ಲಿ ಮೂರನ್ನು ಹೊಯ್ಸ್ ಗೆದ್ದಾಗ ಉತ್ತರ ಸಿಕ್ಕಿತೆಂದೇ ಜನ ನಂಬಿದರು.

ಇಂದು ಎಂಎಂಎ ಎಂದು ಹೆಸರಾಗಿರುವ ಮಿಶ್ರ ಸಮರ ಕಲೆಯ ಕಥೆಯನ್ನು ಹೆಚ್ಚಿನವರು ಇಲ್ಲಿಂದ ಶುರುಮಾಡಿ ನೇರವಾಗಿ ಅಮೆರಿಕದ ಇಂದಿನ ವೈಭವಕ್ಕೆ ತಂದು ನಿಲ್ಲಿಸುತ್ತಾರೆ. ನನಗೆ ಅದು ಅರ್ಧ ಕಥೆ ಎನಿಸುತ್ತದೆ. ಆ ಪ್ರಶ್ನೆಯೇ ಹಳತಾದದ್ದು, ‘ಯಾವ ವಿದ್ಯೆ’ ಹೋಗಿ ‘ಯಾವ ಆಟಗಾರ, ಯಾವ ತೂಕ, ಯಾವ ನಿಯಮ’ ಎಂಬುದು ಮುಖ್ಯವಾದದ್ದು ಹೇಗೆಂದು ತಿಳಿಯಬೇಕಾದರೆ ಜಪಾನಿನ ಕಾಜುಶಿ ಸಕುರಾಬಾ ಅವರ ಬದುಕನ್ನು ನೋಡಬೇಕು. ಅಂಕೆಯಿಲ್ಲದ ಆ ಕಾಲ ಅವರ ಕಲೆಗೆ ಎಷ್ಟು ಜಾಗ ಕೊಟ್ಟಿತೋ ಅವರ ದೇಹದಿಂದ ಅಷ್ಟನ್ನೂ ಕಿತ್ತುಕೊಂಡಿತು.

ಗ್ರೇಸಿ ವಿದ್ಯೆಯ ಬೇರೂ ಜಪಾನಿನದೇ. 1914ರಲ್ಲಿ ಬ್ರೆಜಿಲ್‌ಗೆ ಬಂದ ಮಿತ್ಸುಯೊ ಮಾಯೆಡಾ ಎಂಬ ಜೂಡೊ ಪಟು ಕಾರ್ಲೋಸ್ ಗ್ರೇಸಿಗೆ ಪಾಠ ಹೇಳಿಕೊಟ್ಟರು. ಕಾರ್ಲೋಸ್ ಮತ್ತು ತಮ್ಮ ಎಲಿಯೊ ಅದನ್ನು ತಿದ್ದಿ ತೀಡಿ ಮನೆತನದ ಆಸ್ತಿಯನ್ನಾಗಿ ಮಾಡಿಕೊಂಡರು. 1951ರ ಅಕ್ಟೋಬರ್‌ನಲ್ಲಿ ರಿಯೊದ ಮರಕಾನಾ ಕ್ರೀಡಾಂಗಣಕ್ಕೆ ಬಂದ ಜಪಾನಿನ ಜೂಡೊ ದಿಗ್ಗಜ ಮಸಾಹಿಕೊ ಕಿಮುರಾ, ಎಲಿಯೊ ಅವರ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿ ಮುರಿದರು. ಎಲಿಯೊ ತಟ್ಟಲಿಲ್ಲ, ಅಣ್ಣ ಕಾರ್ಲೋಸ್ ಟವೆಲ್ ಎಸೆದು ಸೋಲೊಪ್ಪಿದರು. ತಮ್ಮನ್ನು ಸೋಲಿಸಿದ ಆ ಪಟ್ಟಿಗೆ ಬ್ರೆಜಿಲ್‌ನವರು ಗೌರವದಿಂದ ಕಿಮುರಾ ಎಂದೇ ಹೆಸರಿಟ್ಟರು. ಈ ಪಟ್ಟು ನೆನಪಿನಲ್ಲಿರಲಿ, ಮುಂದೆ ಮತ್ತೆ ಬರುತ್ತದೆ.

ಸಕುರಾಬಾ ಕಲಿತದ್ದು ಜೂಡೊ ಅಲ್ಲ, ಜಿಯು-ಜಿತ್ಸುವೂ ಅಲ್ಲ. 1969ರ ಜುಲೈ 14ರಂದು ಉತ್ತರ ಜಪಾನಿನ ಅಕಿತಾ ಪ್ರಾಂತ್ಯದಲ್ಲಿ ಹುಟ್ಟಿದ ಅವರು ಹುಲಿಯ ಮುಖವಾಡ ಧರಿಸಿ ಆಡುತ್ತಿದ್ದ ‘ಟೈಗರ್ ಮಾಸ್ಕ್’ ಸತೊರು ಸಯಾಮಾ ಅವರನ್ನು ನೋಡುತ್ತಾ ಬೆಳೆದವರು. ಚುವೊ ವಿಶ್ವವಿದ್ಯಾಲಯದಲ್ಲಿ ಕುಸ್ತಿ ಆಡಿ, ಅನಂತರ ಯುಡಬ್ಲ್ಯುಎಫ್‌ಐ ಎಂಬ ವೃತ್ತಿಪರ ಕುಸ್ತಿ ಸಂಸ್ಥೆ ಸೇರಿದರು. ವೃತ್ತಿಪರ ಕುಸ್ತಿ ಎಂದರೆ ಫಲಿತಾಂಶ ಮೊದಲೇ ಗೊತ್ತುಮಾಡಿಕೊಂಡ ಪ್ರದರ್ಶನ. ಆದರೆ ಜಪಾನಿನ ಈ ಕವಲಿನಲ್ಲಿ ತಾಲೀಮು ಮಾತ್ರ ನಿಜವಾಗಿತ್ತು, ಪಟ್ಟುಗಳೂ ನಿಜವಾದವು.

ಆ ತಾಲೀಮಿನ ವಂಶಾವಳಿಯನ್ನು ಹಿಡಿದು ಹೊರಟರೆ ದಾರಿ ನಮ್ಮ ಕಡೆಗೂ ತಿರುಗುತ್ತದೆ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಹುಟ್ಟಿದ ಕಾರ್ಲ್ ಗಾಚ್ ಇಂಗ್ಲೆಂಡಿನ ವಿಗನ್ ಊರಿನಲ್ಲಿ ಬಿಲ್ಲಿ ರೈಲಿ ನಡೆಸುತ್ತಿದ್ದ ಅಖಾಡದಲ್ಲಿ ‘ಕ್ಯಾಚ್’ ಕುಸ್ತಿ ಕಲಿತವರು. ಗಣಿ ಕಾರ್ಮಿಕರ ಊರಿನ ಆ ಕುಸ್ತಿಯಲ್ಲಿ ಚಿತ್ ಮಾಡುವುದರ ಜೊತೆಗೆ ಕೀಲು ತಿರುಚಿ ಸೋಲೊಪ್ಪಿಸುವುದೂ ಇತ್ತು. ಗಾಚ್ ಜಪಾನಿಗೆ ಹೋಗಿ ಅಲ್ಲಿನ ಒಂದಿಡೀ ತಲೆಮಾರನ್ನು ತಯಾರು ಮಾಡಿದರು. ಜಪಾನೀಯರು ಅವರನ್ನು ಕುಸ್ತಿಯ ದೇವರೆಂದು ಕರೆದರು. ಶಿಷ್ಯರಿಂದ ಅವರು ನೂರುಗಟ್ಟಲೆ ಮಾಡಿಸುತ್ತಿದ್ದ ಸಾಮು ಯಾವುದು ಗೊತ್ತೇ? ನಮ್ಮ ಗರಡಿಗಳ ದಂಡ ಮತ್ತು ಬಸ್ಕಿ. ಅಲ್ಲಿ ಬಸ್ಕಿಗೆ ಇಂದಿಗೂ ‘ಹಿಂದೂ ಸ್ಕ್ವಾಟ್’ ಎಂದೇ ಹೆಸರು. ಗಾಮಾ ಪೈಲ್ವಾನರಂಥವರ ಮೈ ಕಟ್ಟಿದ ಸಾಮು ಹೀಗೆ ಟೋಕಿಯೊದ ವ್ಯಾಯಾಮಶಾಲೆಗಳನ್ನು ಸೇರಿತು. ವಿಗನ್ನಿನ ಇನ್ನೊಬ್ಬ ಶಿಷ್ಯ ಬಿಲ್ಲಿ ರಾಬಿನ್ಸನ್ ಯುಡಬ್ಲ್ಯುಎಫ್‌ಐಗೆ ಬಂದು ಸಕುರಾಬಾಗೆ ನೇರವಾಗಿ ಕಲಿಸಿದರು. ಕಿಮುರಾ ಪಟ್ಟನ್ನು ಹೋಲುವ ತೋಳಿನ ತಿರುಚು ಕ್ಯಾಚ್ ಕುಸ್ತಿಯಲ್ಲೂ ಹಳೆಯದು. ಸಕುರಾಬಾ ಕೈಗೆ ಅದು ಬಂದದ್ದು ಈ ದಾರಿಯಿಂದ.

ನಿಜವಾದ ಕಾದಾಟಕ್ಕೆ ಜಪಾನೀಯರು ಅಮೆರಿಕಕ್ಕಾಗಿ ಕಾಯಲಿಲ್ಲ ಎಂಬುದನ್ನೂ ಹೇಳಬೇಕು. ಸಯಾಮಾ ಮುಖವಾಡ ಕಳಚಿಟ್ಟು ಎಂಬತ್ತರ ದಶಕದಲ್ಲೇ ‘ಶೂಟೊ’ ಕಟ್ಟಿದ್ದರು. ಮಸಕಾತ್ಸು ಫುನಾಕಿ ಮತ್ತು ಮಿನೊರು ಸುಜುಕಿ ಅವರ ‘ಪಂಕ್ರೇಸ್’ ಶುರುವಾದದ್ದು ಡೆನ್ವರ್ ಪಂದ್ಯಾವಳಿಗೆ ಎರಡು ತಿಂಗಳು ಮೊದಲು.

ಆದರೆ ಯುಡಬ್ಲ್ಯುಎಫ್‌ಐನವರಿಗೆ ಬಂದದ್ದು ಅವಮಾನದ ಕಾಲ. 1994ರಲ್ಲಿ ಅಲ್ಲಿನ ಯೋಜಿ ಅಂಜೊ ಸವಾಲು ಹಾಕಲೆಂದು ಲಾಸ್ ಏಂಜಲೀಸ್‌ನ ಹಿಕ್ಸನ್ ಗ್ರೇಸಿ ಅವರ ಶಾಲೆಗೇ ನುಗ್ಗಿ, ಮುಖ ಮೂತಿ ರಕ್ತವಾಗಿಸಿಕೊಂಡು ಮರಳಿದರು. 1997ರ ಅಕ್ಟೋಬರ್ 11ರಂದು ಟೋಕಿಯೊ ಡೋಮ್‌ನಲ್ಲಿ ‘ಪ್ರೈಡ್’ ಪಂದ್ಯಾವಳಿ ಹುಟ್ಟಿದ್ದೇ ಸಂಸ್ಥೆಯ ಹಿರಿಯ ನೊಬುಹಿಕೊ ತಕಾಡಾ ಆ ಮಾನವನ್ನು ಮರಳಿ ತರಲೆಂದು. ಹಿಕ್ಸನ್ ಮೊದಲ ಸುತ್ತಿನಲ್ಲೇ ಅವರ ತೋಳು ಹಿಡಿದು ತಟ್ಟಿಸಿದರು. ವೃತ್ತಿ ಕುಸ್ತಿಯವರದು ಬರೀ ನಾಟಕ ಎಂಬ ಮಾತಿಗೆ ಇನ್ನು ಎದುರಾಡುವವರಿರಲಿಲ್ಲ.

ಎರಡೇ ತಿಂಗಳಾಗಿತ್ತು. ಡಿಸೆಂಬರ್ 21ರಂದು ಯೊಕೊಹಾಮಾದಲ್ಲಿ ಯುಎಫ್‌ಸಿಯ ಭಾರಿ ತೂಕದ ಪಂದ್ಯಾವಳಿ. ಗಾಯಗೊಂಡ ಸಹವರ್ತಿಯ ಬದಲಿಗೆ ಸಕುರಾಬಾ ಇಳಿದರು. ಅಲ್ಲಿ ಕನಿಷ್ಠ 91 ಕೆ.ಜಿ. ಬೇಕು, ಅವರ ನಿಜ ತೂಕ ಸುಮಾರು 83. ಎದುರಿಗೆ ನೂರು ಕೆ.ಜಿ. ಮೀರಿದ, ಜಿಯು-ಜಿತ್ಸುವಿನ ಕಪ್ಪು ಪಟ್ಟಿಯ ಮಾರ್ಕಸ್ ಸಿಲ್ವೇರಾ. ಹೊಡೆತಗಳ ನಡುವೆ ಕಾಲಿಗೆ ಕೈ ಹಾಕಲು ಸಕುರಾಬಾ ಬಗ್ಗಿದ್ದನ್ನು ರೆಫರಿ ಪ್ರಜ್ಞೆ ತಪ್ಪಿ ಬಿದ್ದಂತೆ ಭಾವಿಸಿ ಪಂದ್ಯ ನಿಲ್ಲಿಸಿಬಿಟ್ಟರು. ಸಕುರಾಬಾ ಒಪ್ಪಲಿಲ್ಲ, ಅಖಾಡದಿಂದ ಕದಲಲೂ ಇಲ್ಲ. ದೃಶ್ಯವನ್ನು ಮತ್ತೆ ನೋಡಿ ತೀರ್ಪನ್ನು ರದ್ದುಮಾಡಿದರು. ಇನ್ನೊಂದು ಕಡೆಯಿಂದ ಫೈನಲ್‌ಗೆ ಬಂದಿದ್ದ ಟ್ಯಾಂಕ್ ಅಬಾಟ್ ಕೈಗೆ ಪೆಟ್ಟಾಗಿ ಹಿಂದೆ ಸರಿದದ್ದರಿಂದ ಅದೇ ರಾತ್ರಿ ಇಬ್ಬರೂ ಮತ್ತೆ ಸೆಣಸಿದರು. ನಾಲ್ಕು ನಿಮಿಷ ತುಂಬುವ ಮೊದಲೇ ಸಿಲ್ವೇರಾ ತಟ್ಟಿದರು. ವೃತ್ತಿ ಕುಸ್ತಿಯವರು ನಿಜಕ್ಕೂ ಬಲಿಷ್ಠರೇ ಎಂದು ಸಕುರಾಬಾ ಅಲ್ಲೇ ಸಾರಿದರು. ಜಪಾನಿನ ಅಭಿಮಾನಿಗಳು ಆ ಮಾತನ್ನು ಇನ್ನೂ ಮರೆತಿಲ್ಲ.

ಪ್ರೈಡ್‌ನಲ್ಲಿ ಅವರು ತೋರಿದ ಆಟ ನೋಡುವುದಕ್ಕೇ ಒಂದು ಸೊಗಸು. ಅಂಗಾತ ಮಲಗಿ ಕಾಯುವವರ ಕಾಲುಗಳ ನಡುವೆ ಹೋಗಿ ಕೂರಬಾರದು ಎಂಬುದು ಅವರ ಮೊದಲ ತಿಳಿವಳಿಕೆ. ನಿಂತೇ ಇದ್ದು ತೊಡೆಗೆ ಒದೆಯುತ್ತಿದ್ದರು, ಪಾದ ಹಿಡಿದು ಪಕ್ಕಕ್ಕೆ ಎಸೆಯುತ್ತಿದ್ದರು, ಒಮ್ಮೊಮ್ಮೆ ಮಲಗಿದವರ ಮೇಲಿಂದ ಲಾಗ ಹಾಕಿ ಆಚೆ ಬದಿಗೆ ಇಳಿಯುತ್ತಿದ್ದರು. ವೃತ್ತಿ ಕುಸ್ತಿಯಲ್ಲಿ ಜನರನ್ನು ರಂಜಿಸಲು ಕಲಿತ, ಎರಡೂ ಅಂಗೈ ಕೊಡಲಿಯಂತೆ ಬೀಸುವ ಹೊಡೆತವನ್ನೂ ನಿಜ ಕಾದಾಟದಲ್ಲಿ ತಂದರು. ಇನ್ನೊಂದು ತಿಳಿವಳಿಕೆ ಇನ್ನೂ ಸೂಕ್ಷ್ಮ. ಎದುರಾಳಿ ಬೆನ್ನ ಹಿಂದೆ ಬಂದು ಸೊಂಟ ತಬ್ಬಿದರೆ ಉಳಿದವರಿಗೆ ಅದು ಆಪತ್ತು. ಸಕುರಾಬಾಗೆ ಅದು ಸುಸಂಧಿ: ತಬ್ಬಿದ ಕೈಯ ಮಣಿಕಟ್ಟನ್ನು ಹಿಡಿದು, ತನ್ನ ಇನ್ನೊಂದು ಕೈಯನ್ನು ಆ ತೋಳಿನ ಮೇಲಿಂದ ಸುತ್ತಿಸಿ ಬೀಗ ಹಾಕಿ, ಮೈ ತಿರುಗಿಸಿದರೆ ಸಾಕು. ಕಾರ್ಲೋಸ್ ನ್ಯೂಟನ್ ಜೊತೆ 1998ರಲ್ಲಿ ಆಡಿದ ಪಂದ್ಯವನ್ನು ನೆಲದ ಮೇಲಿನ ಕುಸ್ತಿ ಬೇಸರ ಎನ್ನುವವರಿಗೆ ನಾನು ಮೊದಲು ತೋರಿಸುತ್ತೇನೆ. ಹಿಡಿತದಿಂದ ಹಿಡಿತಕ್ಕೆ ಇಬ್ಬರೂ ನೀರಿನಂತೆ ಹರಿಯುತ್ತಾರೆ.

1999ರ ನವೆಂಬರ್‌ನಲ್ಲಿ ಹೊಯ್ಲರ್ ಗ್ರೇಸಿ ಎದುರಾದರು. ಎರಡನೇ ಸುತ್ತಿನ ಕೊನೆಯ ಹೊತ್ತಿಗೆ ಸಕುರಾಬಾ ಕಿಮುರಾ ಹಾಕಿದರು, ಹೊಯ್ಲರ್ ತಟ್ಟಲಿಲ್ಲ, ರೆಫರಿ ನಿಲ್ಲಿಸಿದರು. ದಶಕಗಳಿಂದ ಇಂಥ ಸೋಲು ಕಾಣದ ಮನೆತನ ಕೆರಳಿತು. ನ್ಯಾಯವಾಗಿ ಹೇಳಬೇಕೆಂದರೆ ಹೊಯ್ಲರ್ ಬಹಳ ಹಗುರ, ಆ ದಿನ ತೂಕದ ಅನುಕೂಲ ಸಕುರಾಬಾ ಕಡೆಗಿತ್ತು.

ಗ್ರೇಸಿಗಳ ಕೋಪ ಮುಂದಿನ ಪಂದ್ಯಕ್ಕೆ ಷರತ್ತುಗಳಾಗಿ ಬಂತು. ಹೊಯ್ಸ್ ಆಡಬೇಕಾದರೆ ಹದಿನೈದು ನಿಮಿಷಗಳ ಸುತ್ತುಗಳು ಎಷ್ಟಾದರೂ ನಡೆಯಬೇಕು, ರೆಫರಿ ನಿಲ್ಲಿಸಕೂಡದು, ಒಬ್ಬರು ತಟ್ಟಬೇಕು ಇಲ್ಲವೇ ಮೂಲೆಯವರು ಟವೆಲ್ ಎಸೆಯಬೇಕು. 2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ ಪ್ರೈಡ್ ಗ್ರ್ಯಾಂಡ್ ಪ್ರಿ ಪಂದ್ಯಾವಳಿಯ ಆ ಪಂದ್ಯ ಆರು ಸುತ್ತು, ತೊಂಬತ್ತು ನಿಮಿಷ ನಡೆಯಿತು. ಹೊಯ್ಸ್ ತೊಟ್ಟ ದಪ್ಪ ಅಂಗಿಯೇ ಸಕುರಾಬಾಗೆ ಹಿಡಿಕೆಯಾಯಿತು. ಒದೆತಗಳು ಒಂದರ ಮೇಲೊಂದು ಅದೇ ಕಾಲಿಗೆ ಬಿದ್ದವು. ಏಳನೇ ಸುತ್ತಿಗೆ ಹೊಯ್ಸ್ ಏಳಲಾರದಾದಾಗ ಹೋರಿಯನ್ ಟವೆಲ್ ಎಸೆದರು. ಡೆನ್ವರ್‌ನಲ್ಲಿ ಶುರುವಾದ ಪ್ರಶ್ನೆ ನನ್ನ ಲೆಕ್ಕದಲ್ಲಿ ಮುಗಿದದ್ದು ಇಲ್ಲಿ. ಗೆದ್ದದ್ದು ಇನ್ನೊಂದು ವಿದ್ಯೆಯಲ್ಲ. ಎದುರಾಳಿಯ ವಿದ್ಯೆಯನ್ನು ಓದಿಕೊಂಡು, ಒದೆತ, ಕುಸ್ತಿ, ಕೀಲುಪಟ್ಟುಗಳನ್ನು ಒಂದೇ ಮೈಯಲ್ಲಿ ಕೂಡಿಸಿಕೊಂಡವರು ಗೆದ್ದರು.

ಆದರೆ ಅದೇ ರಾತ್ರಿ ಇನ್ನೊಂದು ಪಂದ್ಯವಿತ್ತು. ತೊಂಬತ್ತು ನಿಮಿಷ ಕಾದಾಡಿದವರನ್ನು ತಮಗಿಂತ ಬಹಳ ಭಾರದ ಉಕ್ರೇನಿನ ಇಗೋರ್ ವೊವ್ಚಾಂಚಿನ್ ಎದುರಿಗೆ ನಿಲ್ಲಿಸಿದರು. ಸಕುರಾಬಾ ಹದಿನೈದು ನಿಮಿಷ ತಾಳಿಕೊಂಡರು. ಹೆಚ್ಚುವರಿ ಸುತ್ತಿಗೆ ಮುನ್ನ ಅವರ ಕಡೆಯವರೇ ಟವೆಲ್ ಎಸೆದರು. ಜನ ಈ ರಾತ್ರಿಯನ್ನು ಶೌರ್ಯದ ಕಥೆಯಾಗಿ ಹೇಳುತ್ತಾರೆ. ಶೌರ್ಯ ಇತ್ತು, ನಿಜ. ಆದರೆ ಹಾಗೆ ನಿಲ್ಲಿಸಿದವರ ಹೊಣೆಯನ್ನು ಆ ಶೌರ್ಯದ ಹಿಂದೆ ಮರೆಮಾಡಬಾರದು.

ಆಗಸ್ಟ್‌ನಲ್ಲಿ ಹೆಂಜೊ ಗ್ರೇಸಿ ಬಂದರು. ಪಂದ್ಯ ಮುಗಿಯಲು ಕೆಲವೇ ಸೆಕೆಂಡು ಇರುವಾಗ ಸಕುರಾಬಾ ಬೆನ್ನ ಹಿಂದಿದ್ದ ಹೆಂಜೊ ಅವರ ತೋಳಿಗೆ ಬೀಗ ಹಾಕಿ ತಿರುಗಿದರು. ಮೊಣಕೈ ಕೀಲು ತಪ್ಪಿತು. ಹೆಂಜೊ ತಟ್ಟಲಿಲ್ಲ. ಪಂದ್ಯದ ಬಳಿಕ ಮೈಕ್ ಹಿಡಿದು ಸೋಲೊಪ್ಪಿ, ತಮ್ಮನ್ನು ಸೋಲಿಸಿದವರನ್ನು ಬಾಯ್ತುಂಬ ಹೊಗಳಿದರು. ಕಿಮುರಾ ಹೆಸರು ಮರಕಾನಾದಿಂದ ಜಪಾನಿಗೆ ಮರಳಿದ ದಿನ ಅದು. ಡಿಸೆಂಬರ್‌ನಲ್ಲಿ ಹಯನ್ ಗ್ರೇಸಿಯನ್ನೂ ಸೋಲಿಸಿದಾಗ ನಾಲ್ವರಾದರು.

ಇನ್ನು ಮುಂದಿನದು ಇಳಿಜಾರು. 2001ರ ಮಾರ್ಚ್ 25ರ ಪಂದ್ಯಾವಳಿಯಲ್ಲಿ ಪ್ರೈಡ್ ನಿಯಮ ಸಡಿಲಿಸಿ, ನೆಲಕ್ಕೆ ಬಿದ್ದವರ ತಲೆಗೆ ಒದೆಯಲು, ಮೊಣಕಾಲಿಂದ ಗುದ್ದಲು ಹೆಚ್ಚಿನ ಅವಕಾಶ ಕೊಟ್ಟಿತು. ಅಂದು ಬ್ರೆಜಿಲ್‌ನ ವಾಂಡರ್ಲೇ ಸಿಲ್ವಾ ಎರಡು ನಿಮಿಷದೊಳಗೆ ಸಕುರಾಬಾ ಅವರನ್ನು ಹೊಡೆದುರುಳಿಸಿದರು. ಒಂಬತ್ತೇ ದಿನ ಕಳೆದು, ಏಪ್ರಿಲ್ 3ರಂದು, ಅಮೆರಿಕದ ನ್ಯೂಜೆರ್ಸಿಯಲ್ಲಿ ಸೇರಿದ ಸಭೆ ಎಂಎಂಎಯ ಏಕರೂಪ ನಿಯಮಗಳಿಗೆ ರೂಪ ಕೊಟ್ಟಿತು. ಬಿದ್ದವರ ತಲೆಗೆ ಒದೆಯುವುದು ಅಲ್ಲಿ ನಿಷಿದ್ಧ, 84 ಕೆ.ಜಿ.ಯ ಮಧ್ಯಮ ವರ್ಗವೂ ಅಲ್ಲಿತ್ತು, ಸಕುರಾಬಾ ಅವರಿಗೆ ಅಳತೆ ಕೊಟ್ಟು ಹೊಲಿಸಿದಂತೆ. ಪ್ರೈಡ್‌ನ ಮಧ್ಯಮ ವರ್ಗ ಮಾತ್ರ 93 ಕೆ.ಜಿ.ಯದು.

ಅಮೆರಿಕ ಈ ಹಾದಿಗೆ ಬಂದದ್ದು ಕರುಣೆಯಿಂದಲ್ಲ, ಒತ್ತಡದಿಂದ. ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕ ಎಂದು ಜರೆದು ರಾಜ್ಯಗಳಿಗೆ ಪತ್ರ ಬರೆದಿದ್ದರು; ಕೇಬಲ್ ಟಿವಿಯವರು ಪ್ರಸಾರ ನಿಲ್ಲಿಸಿದ್ದರು. ಉಳಿಯಬೇಕಾದರೆ ತೂಕದ ವರ್ಗ, ಕೈಗವಸು, ಐದು ನಿಮಿಷಗಳ ಸುತ್ತು ಎಲ್ಲವನ್ನೂ ಒಂದೊಂದಾಗಿ ತರಲೇಬೇಕಾಯಿತು. ಜಪಾನಿನಲ್ಲಿ ತುಂಬಿದ ಕ್ರೀಡಾಂಗಣವಿತ್ತು, ಟಿವಿ ಇತ್ತು, ತಡೆಯುವವರಿರಲಿಲ್ಲ.

ಸಿಲ್ವಾ ಜೊತೆಗೆ ಸಕುರಾಬಾ ಇನ್ನೆರಡು ಸಲ ಆಡಿ ಎರಡೂ ಸಲ ಸೋತರು; ಒಮ್ಮೆ ಕೊರಳೆಲುಬು ಮುರಿಯಿತು. 2002ರಲ್ಲಿ ಕ್ರೊಯೇಷಿಯಾದ ಭಾರಿ ತೂಕದ ಮಿರ್ಕೊ ಕ್ರೊಕಾಪ್ ಎದುರು ಕಣ್ಣುಗುಳಿಯ ಎಲುಬು ಮುರಿಯಿತು. 2006ರಲ್ಲಿ ಸ್ಮಿರ್ನೋವಾಸ್ ಎಂಬ ಎದುರಾಳಿಯ ವಿರುದ್ಧ ಹೊಡೆತಕ್ಕೆ ತತ್ತರಿಸಿ ಹಗ್ಗಗಳಿಗೆ ಒರಗಿದ್ದಾಗಲೂ ಪಂದ್ಯ ನಿಲ್ಲಲಿಲ್ಲ; ಕೊನೆಗೆ ತೋಳು ಹಿಡಿದು ಸಕುರಾಬಾ ಅವರೇ ಗೆದ್ದರು. ಆ ಗೆಲುವನ್ನು ನೋಡಿ ನನಗೆ ಖುಷಿಯಾಗಲಿಲ್ಲ, ಭಯವಾಯಿತು.

2007ರಲ್ಲಿ ಯುಎಫ್‌ಸಿಯ ಒಡೆಯರೇ ಪ್ರೈಡ್ ಅನ್ನು ಕೊಂಡರು. ಅದರ ಪಂದ್ಯಾವಳಿಗಳು ನಿಂತುಹೋದವು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಹೊಯ್ಸ್ ಮರುಪಂದ್ಯದಲ್ಲಿ ಅಂಕಗಳ ಮೇಲೆ ಗೆದ್ದರು, ಆಮೇಲೆ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಆ ಹೊತ್ತಿಗೆ ಒಂದೇ ವಿದ್ಯೆ ನಂಬಿ ಬರುವವರು ಎಲ್ಲೂ ಉಳಿದಿರಲಿಲ್ಲ. ಒದೆತ, ಕುಸ್ತಿ, ನೆಲದ ಪಟ್ಟು ಮೂರನ್ನೂ ಒಂದೇ ಶಾಲೆಯಲ್ಲಿ ಕಲಿತ ಹುಡುಗರು ಬರುತ್ತಿದ್ದರು. 2017ರಲ್ಲಿ ಯುಎಫ್‌ಸಿ ತನ್ನ ಗೌರವ ಪಟ್ಟಿಗೆ ಸಕುರಾಬಾ ಅವರನ್ನು ಸೇರಿಸಿಕೊಂಡಿತು.

ಮರುವರ್ಷ ಅವರು ಟೋಕಿಯೊದಲ್ಲಿ ‘ಕ್ವಿಂಟೆಟ್’ ಎಂಬ ಪಂದ್ಯಾವಳಿ ಶುರುಮಾಡಿದರು. ಐದೈದು ಜನರ ತಂಡಗಳು. ಹೊಡೆತ ಒದೆತ ಇಲ್ಲ, ಬರೀ ಹಿಡಿತ. ಗೆದ್ದವರು ಅಖಾಡದಲ್ಲೇ ಉಳಿದು ಎದುರು ತಂಡದ ಮುಂದಿನವರನ್ನು ಎದುರಿಸಬೇಕು, ಸಮಬಲವಾದರೆ ಇಬ್ಬರೂ ಹೊರಗೆ. ತಂಡದ ಒಟ್ಟು ತೂಕಕ್ಕೆ ಮಿತಿಯಿದೆ. ಇಬ್ಬರ ತೂಕದ ಅಂತರ ದೊಡ್ಡದಾದರೆ ಪಂದ್ಯದ ಸಮಯವನ್ನು ಅರ್ಧಕ್ಕೆ ಇಳಿಸುತ್ತಾರೆ. ಹಗುರದವರು ಅಷ್ಟು ಹೊತ್ತು ತಾಳಿಕೊಂಡರೆ ಸಾಕು.